ಕಾಯಿ ಬೀಳುವ ಸದ್ದು

ಮರದಿಂದ ಬಿದ್ದವನ ಮೈಯಲ್ಲಿ ತೂತು ಎಲ್ಲಿಂದ ಬಂತು?

ಮೊದಲು ಹಾಗೆ ಕೇಳಿದವಳು ಹೊಂಬಾಳಮ್ಮ. ಸೋಮವಾರ ಸಂಜೆ ಗಂಡನ ಹೆಣಕ್ಕೆ ನೀರು ಹಾಕುವಾಗ ಬಲಗಂಕುಳ ಕೆಳಗೆ ಅವಳ ಬೆರಳು ತಡೆಯಿತು. ಕಡಲೆಕಾಳಿನಷ್ಟು ತೂತು. ರಕ್ತವೂ ಹೆಚ್ಚು ಬಂದಿರಲಿಲ್ಲ. ಇಪ್ಪತ್ತೆರಡು ವರ್ಷ ತೆಂಗಿನ ಮರ ಹತ್ತಿ ಕಾಯಿ ಕಿತ್ತ ರಂಗಪ್ಪ ಕಾಲು ಜಾರಿ ಬಿದ್ದ ಅಂತಲೇ ಊರು ನಂಬಿತ್ತು. ಗುಂಡಿ ತೋಡಲು ಜನ ಹೊರಟೂ ಆಗಿತ್ತು.

"ನೀರು ನಿಲ್ಸ್ರಪ್ಪ," ಅಂದಳು ಹೊಂಬಾಳಮ್ಮ. "ಪೊಲೀಸ್ನೋರ್ನ ಕರೀರಿ."

ಸಬ್ ಇನ್ಸ್‌ಪೆಕ್ಟರ್ ಸುನಂದಾ ಅರ್ಧ ಗಂಟೆಯಲ್ಲಿ ಬಂದಳು. ತೂತು ನೋಡಿದಳು. ಹೆಣವನ್ನು ತಿಪಟೂರಿನ ಆಸ್ಪತ್ರೆಗೆ ಕಳಿಸಿದಳು. ಮಾರನೆಯ ದಿನ ಡಾಕ್ಟರು ಒಂದು ಚಿಕ್ಕ ಬಾಟಲಿ ಅವಳ ಕೈಗಿಟ್ಟರು. ಒಳಗೆ ಮೂಳೆಗೆ ಬಡಿದು ಚಪ್ಪಟೆಯಾದ ಒಂದು ಚೂರು ಸೀಸ.

"ಪಾಯಿಂಟ್ ಟೂ ಟೂ," ಅಂದರು ಡಾಕ್ಟರು.

ಗುಂಡುಗಳಲ್ಲೇ ಚಿಕ್ಕದು ಅದು. ಬೆಲೆ ಕಮ್ಮಿ, ಸದ್ದೂ ಕಮ್ಮಿ. ಹೊಸದಾಗಿ ಗುರಿ ಕಲಿಯುವವರಿಗೆ ಮೊದಲು ಕೊಡುವುದೇ ಆ ರೈಫಲ್. ಬೆಂಗಳೂರಿನ ಲ್ಯಾಬಿಗೆ ಫೋನ್ ಮಾಡಿದರೆ, ಮೂರು ತಿಂಗಳಾಗುತ್ತೆ, ಇಷ್ಟು ಚಪ್ಪಟೆಯಾಗಿದ್ದರೆ ಯಾವ ರೈಫಲ್ಲಿನದು ಅಂತ ಹೇಳೋಕಾಗದೆಯೂ ಇರಬಹುದು ಎಂಬ ಉತ್ತರ ಬಂತು. ಸುನಂದಾ ಬಾಟಲಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ನೋಡುತ್ತಾ ಕೂತಳು.

*

ಅರಳಗುಪ್ಪೆ ಸುತ್ತಮುತ್ತ ಅಂಥ ರೈಫಲ್ಲುಗಳು ಮೂರೇ ಮೂರು. ಒಂದು, ಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿದ ಮಲ್ಲೇಶನದು. ಇನ್ನೆರಡು ಹವಾಲ್ದಾರ್ ರುದ್ರೇಶನ ಶೂಟಿಂಗ್ ರೇಂಜಿನವು.

ರುದ್ರೇಶ ಮಿಲಿಟರಿಯಿಂದ ನಿವೃತ್ತನಾಗಿ ಬಂದವನು. ಬಂದವನು ಸೈಟು ಕೊಳ್ಳಲಿಲ್ಲ, ಕಾರು ಕೊಳ್ಳಲಿಲ್ಲ. ತನ್ನ ಅರ್ಧ ಎಕರೆಯಲ್ಲಿ ಮಣ್ಣಿನ ದಿಬ್ಬ ಎಬ್ಬಿಸಿ ಹಳ್ಳಿ ಮಕ್ಕಳಿಗೆ ಗುರಿ ಕಲಿಸಲು ಶುರು ಮಾಡಿದ. ಪಟ್ಟಣದ ಮಕ್ಕಳು ಲಕ್ಷಗಟ್ಟಲೆಯ ಫಾರಿನ್ ರೈಫಲ್ ಹಿಡಿಯುತ್ತಾರೆ. ಇವನು ತಂದದ್ದು ಇಲ್ಲೇ ತಯಾರಾದ, ಅಗ್ಗದ, ಎರಡು ರೈಫಲ್. ಅವುಗಳ ಲೈಸೆನ್ಸಿಗೆ 'ಅಭ್ಯಂತರವಿಲ್ಲ' ಎಂದು ಸಹಿ ಹಾಕಿದವಳು ಸುನಂದಾಳೇ. ಆ ರೇಂಜಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆಯುವ ಹುಡುಗಿ ಅನಿತಾ. ಸೆಕೆಂಡ್ ಪಿಯುಸಿ. ಶನಿವಾರ ಬೆಂಗಳೂರಿನಲ್ಲಿ ಅವಳಿಗೆ ರಾಜ್ಯ ತಂಡದ ಆಯ್ಕೆ. ಸತ್ತ ರಂಗಪ್ಪನ ಒಬ್ಬಳೇ ಮಗಳು ಅವಳು.

ರಂಗಪ್ಪ ಬಿದ್ದದ್ದು ರೇಂಜಿನ ದಿಬ್ಬದ ಆಚೆ, ಶಂಭುಲಿಂಗಯ್ಯನವರ ತೋಟದಲ್ಲಿ. ಸುನಂದಾ ಸೋಮವಾರ ರಾತ್ರಿಯೇ ರೇಂಜಿನ ಬೀರುವಿಗೆ ಸೀಲು ಹಾಕಿಸಿದ್ದಳು. ರುದ್ರೇಶ ತುಟಿಪಿಟಕ್ಕೆನ್ನದೆ ಬೀಗದ ಕೈ ಕೊಟ್ಟಿದ್ದ.

"ಸೋಮವಾರ ನಮಗೆ ರಜೆ ಮೇಡಂ. ಬೀರು ತೆಗೆದೇ ಇಲ್ಲ. ಮಧ್ಯಾಹ್ನದಿಂದ ಒಬ್ಬನೇ ಇಲ್ಲಿ ಕಳೆ ಕೀಳ್ತಿದ್ದೆ."

"ಗುಂಡಿನ ಸದ್ದು?"

"ಇಲ್ಲ ಮೇಡಂ. ರಂಗಪ್ಪ ಅಲ್ಲಿದ್ದಾನೆ ಅಂತಲೇ ಗೊತ್ತಿರಲಿಲ್ಲ. ದೇವರಾಣೆಗೂ ಒಂದು ಕಾಯಿ ಬಿದ್ದ ಸದ್ದೂ ನಂಗೆ ಕೇಳಿಸ್ಲಿಲ್ಲ. ಕೇಳಿಸಿದ್ದಿದ್ರೆ..."

ಶಿಷ್ಯೆಯ ತಂದೆ ಸತ್ತ ದುಃಖಕ್ಕೆ ಮಾತು ನಿಂತಿತು ಅಂದುಕೊಂಡಳು ಸುನಂದಾ.

*

"ಕೋತಿ ಅಂದ್ಕೊಂಡು ಹೊಡ್ದಿರಬೋದಲ್ವಾ ಮೇಡಂ?" ಎಂದ ಕಾನ್‌ಸ್ಟೇಬಲ್ ಪುನೀತ್.

ಟೀ ಅಂಗಡಿಯಲ್ಲಿದ್ದವರೆಲ್ಲ ಅವನನ್ನು ಮರುಕದಿಂದ ನೋಡಿದರು. ಒಬ್ಬ ಹಿರಿಯ ಲೋಟ ಕೆಳಗಿಟ್ಟ.

"ಏನಪ್ಪ ನೀನು, ತೆಂಗಿನ ಸೀಮೇಲಿ ಹುಟ್ದೋನಂಗೆ ಮಾತಾಡು. ಕೋತಿ ಕೆಡವೋದು ಎಳನೀರು, ಅಲ್ಲೊಂದು ಇಲ್ಲೊಂದು. ರಂಗಪ್ಪ ಕೆಡವೋದು ಗೊನೆಗೊನೆ. ಧಡ್ ಧಡ್ ಧಡ್ ಅಂತ ಅರ್ಧ ಮೈಲಿ ಕೇಳ್ತದೆ. ಮೇಲೆ ಮನುಷ್ಯ ಅವ್ನೆ ಅಂತ ಕುರುಡನ್ಗೂ ಗೊತ್ತಾಯ್ತದೆ ಕಣಪ್ಪ."

ಅಂದರೆ, ಹೊಡೆದವನು ಗೊತ್ತಿದ್ದೇ ಹೊಡೆದ. ಗೊತ್ತಿದ್ದು ಹೊಡೆಯುವಂಥ ಹಗೆ ಯಾರಿಗಿತ್ತು? ಊರ ಬಾಯಿಗೆ ಬೀಗ ಹಾಕುವವರು ಯಾರು? ಮಲ್ಲೇಶನ ಹೆಸರು ಬಂದೇ ಬಂತು. ಕಾಯಿ ಕೀಳಲು ಬರುತ್ತೇನೆಂದು ರಂಗಪ್ಪ ಎರಡು ಸಲ ಕೈಕೊಟ್ಟಿದ್ದ. ಹೋದ ವಾರ ಇದೇ ಅಂಗಡಿಯ ಮುಂದೆ ಮಲ್ಲೇಶ ಕೂಗಾಡಿದ್ದ: "ಮರದ್ ಮೇಲಿಂದ ಉದುರಿಸ್ತೀನಿ ಕಣ್ಲಾ ನಿನ್ನ!"

ಬುಧವಾರ ಮಲ್ಲೇಶನನ್ನು ಕರೆತಂದರು. ಅವನ ರೈಫಲ್ಲಿನ ನಳಿಗೆಯಲ್ಲಿ ಗುಂಡು ಹಾರಿಸಿದ ಮಸಿಯಿತ್ತು. ಸೋಮವಾರ ಬೆಳಿಗ್ಗೆ ಹಂದಿ ಬೆದರಿಸಲು ಹೊಡೆದೆ ಅಂದ. ನೋಡಿದ ಸಾಕ್ಷಿ ಯಾರೂ ಇಲ್ಲ.

ಅವನ ತಾಯಿ ಗುರುಶಾಂತಮ್ಮ ಸ್ಟೇಷನ್ ಮುಂದೆ ಕೂತವರು ಏಳಲಿಲ್ಲ.

"ಕಾಯಿ ಬೀಳೋದು ನಂಗೂ ಕೇಳ್ತು, ನನ್ನ ಮಗನ್ಗೂ ಕೇಳ್ತು ಕಣವ್ವ. ನಾಕು ಗಂಟೆ ಹೊತ್ತು. ರಂಗಪ್ಪ ನಾಳೆ ನಮ್ಮನೇಗೂ ಬತ್ತಾನೆ ಬುಡು ಅಂದ ಇವ್ನು. ಮನುಷ್ಯ ಅಂತ ಗೊತ್ತಿದ್ದೂ ಹೊಡೀತಾನಾ?"

"ಗುಂಡಿನ ಸದ್ದು ಕೇಳಿಸ್ತಾ ಅಮ್ಮ?"

"ರೇಂಜಿನ ಪಕ್ಕ ಇದ್ದು ಟಪ್ ಟಪ್ ಅನ್ನೋದು ದಿನಾ ಇದ್ದದ್ದೇ. ಯಾವತ್ತು ಕೇಳ್ತು, ಯಾವತ್ತು ಇಲ್ಲ, ಯಾರಿಗೆ ನೆನಪು?"

ರಂಗಪ್ಪ ಮರದ ಮೇಲಿದ್ದದ್ದು ಅವನಿಗೆ ಗೊತ್ತಿತ್ತು ಎಂದಾಗಿ, ಮುದುಕಿಯ ಮಾತು ಮಗನನ್ನು ಉಳಿಸುವ ಬದಲು ಇನ್ನಷ್ಟು ಸಿಕ್ಕಿಸುತ್ತಿತ್ತು. ಅದು ಅವರಿಗೆ ತಿಳಿಯಲಿಲ್ಲ. ಸುನಂದಾಳಿಗೆ ತಿಳಿಯಿತು, ಆದರೆ ಮಾಡುವುದೇನು? ಮೇಲಿನವರು ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದರು.

*

ಗುರುವಾರ ಬೆಳಿಗ್ಗೆ ಸುನಂದಾ ರೇಂಜಿಗೆ ಹೋಗಿ ಬೀರುವಿನ ಸೀಲು ತಾನೇ ಒಡೆದು, ಬೀಗದ ಕೈಯನ್ನು ರುದ್ರೇಶನಿಗೆ ಹಿಂದಿರುಗಿಸಿದಳು. ಆರೋಪಿ ಸಿಕ್ಕಿದ್ದಾನೆ. ಅನಿತಾಳ ಅಭ್ಯಾಸ ಯಾಕೆ ನಿಲ್ಲಬೇಕು?

ಹುಡುಗಿ ಆಗಲೇ ಬಂದಿದ್ದಳು. ಕಣ್ಣು ಊದಿತ್ತು.

"ಅವ್ವನೇ ಕಳಿಸ್ದಳು ಮೇಡಂ. ನಿಮ್ಮಪ್ಪ ಮರ ಹತ್ತಿದ್ದೇ ಇದಕ್ಕೆ. ಶನಿವಾರ ಮುಗಿಸ್ಕೊಂಡು ಬಂದು ಅಳು ಅಂದಳು."

ರುದ್ರೇಶ ಸುನಂದಾಳ ಕೈಗೆ ಕಿವಿಗವಸು ಕೊಟ್ಟ. ಎರಡು ಕಿವಿಯನ್ನೂ ಪೂರಾ ಮುಚ್ಚುವ ದಪ್ಪ ಬಟ್ಟಲು. "ಹಾಕ್ಕೊಳಿ ಮೇಡಂ. ಇಲ್ಲದೆ ಇಲ್ಲಿ ಯಾರೂ ಗುಂಡು ಹಾರಿಸಂಗಿಲ್ಲ, ನಾನೂ ಸೇರಿ." ಹಾಗೆಂದವನು ಶನಿವಾರದ ಕಾಗದ ಪತ್ರ ನೋಡಲು ಶೆಡ್ಡಿನೊಳಗೆ ಹೋದ.

ಅನಿತಾ ಮಲಗಿ, ಕೆನ್ನೆಯನ್ನು ರೈಫಲ್ಲಿನ ಮರಕ್ಕೆ ಒತ್ತಿ, ಐದು ಗುಂಡು ಹೊಡೆದಳು. ಐದೂ ನಟ್ಟನಡುವೆ. ಎಷ್ಟೋ ದಿನದ ಮೇಲೆಂಬಂತೆ ಅವಳ ಮುಖದಲ್ಲಿ ಒಂದು ನಗು ಬಂದು ಹೋಯಿತು. ಏನೋ ಹೇಳಿದಳು. ಸುನಂದಾ ಗವಸು ಸರಿಸಿದಳು.

"ಭಾನುವಾರ ಎಲ್ಲಾ ಬಲಕ್ಕೆ ಹೋಗ್ತಿದ್ವು ಮೇಡಂ. ಅಗ್ಗದ ರೈಫಲ್ ಅಲ್ವಾ, ಆಗಾಗ ಗುರಿ ನೋಡೋ ಸೈಟ್ ತಪ್ಪುತ್ತೆ. ಸರ್ ಕೂತು ಹತ್ತಿಪ್ಪತ್ತು ಗುಂಡು ಹೊಡೆದು ಸರಿ ಮಾಡ್ತಾರೆ. ಈಗ ನೋಡಿ, ನೆಟ್ಟಗಾಗಿದೆ!"

ಸುನಂದಾ ಮತ್ತೆ ಗವಸು ಹಾಕಿಕೊಂಡಳು. ಅನಿತಾ ಇನ್ನೈದು ಹೊಡೆದಳು. ಯಾರೋ ಭುಜ ಮುಟ್ಟಿದಾಗ ಸುನಂದಾ ಬೆಚ್ಚಿ, ಗವಸು ತೆಗೆದು ತಿರುಗಿದಳು. ಪುನೀತ್.

"ನಾಕ್ ಸಲ ಕೂಗ್ದೆ ಮೇಡಂ! ಗುರುಶಾಂತಮ್ಮ ಸ್ಟೇಷನ್ ಮುಂದೆ ತಲೆಸುತ್ತಿ ಬಿದ್ದವ್ರೆ. ನಿಮ್ಮ ಹಿಂದೇನೇ ಇಷ್ಟು ದೊಡ್ಡ ಗರಿ ಬಿತ್ತು, ಅದೂ ಕೇಳಿಸ್ಲಿಲ್ವಾ?"

ಸುನಂದಾ ಹಿಂದೆ ನೋಡಿದಳು. ಎರಡು ಮಾರು ದೂರದಲ್ಲಿ ಒಣಗಿದ ತೆಂಗಿನ ಗರಿ ಬಿದ್ದಿತ್ತು.

ಕೈಯಲ್ಲಿದ್ದ ಗವಸನ್ನು ತಿರುಗಿಸಿ ನೋಡಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಊರು ಹೇಳಿದ್ದನ್ನು ಕೇಳಿ ತಾನು ಮಲ್ಲೇಶನನ್ನು ಒಳಗೆ ಹಾಕಿದ್ದಳು.

"ಅಮ್ಮನ್ನ ಆಸ್ಪತ್ರೆಗೆ ಸೇರಿಸೋಕೆ ಹೇಳು," ಅಂದಳು. "ಈ ಹುಡುಗೀನ ಹೊರಗೆ ಕೂರಿಸು. ರೈಫಲ್ ಇಸ್ಕೋ. ಇನ್ನು ಯಾರೂ ಮುಟ್ಟೋದು ಬೇಡ."

*

ಶೆಡ್ಡಿನಲ್ಲಿ ರುದ್ರೇಶ ಅನಿತಾಳ ಫೋಟೊಗೆ ಗೋಂದು ಹಚ್ಚುತ್ತಿದ್ದ. ಅವನ ತಲೆಯ ಮೇಲೆ ಗೋಡೆಗೆ ಕೈಬರಹದ ಬೋರ್ಡು: 'ಗುರಿಯ ಹಿಂದೇನಿದೆ ಗೊತ್ತಿಲ್ಲದಿದ್ದರೆ ಟ್ರಿಗರ್ ಮುಟ್ಟಬೇಡ.'

"ಸರ್, ಸೋಮವಾರ ಒಂದು ಕಾಯಿ ಬಿದ್ದ ಸದ್ದೂ ಕೇಳಿಸ್ಲಿಲ್ಲ ಅಂದ್ರಿ."

"ಹೌದು ಮೇಡಂ."

"ಅದು ನಿಜ ಅಂತ ಈಗ ನಂಬ್ತೀನಿ. ಅರ್ಧ ಮೈಲಿಯವರಿಗೆಲ್ಲ ಕೇಳಿಸ್ತು. ದಿಬ್ಬದ ಈಚೆ ಇದ್ದ ನಿಮಗೆ ಮಾತ್ರ ಇಲ್ಲ. ಕಳೆ ಕೀಳೋನು ಕಿವಿಗವಸು ಹಾಕ್ಕೊಳಲ್ಲ, ಸರ್. ಗುಂಡು ಹೊಡೆಯೋನು ಹಾಕ್ಕೋತಾನೆ."

ಗೋಂದಿನ ಬೆರಳು ಹಾಗೇ ನಿಂತಿತು.

"ಭಾನುವಾರ ಸಂಜೆ ರೈಫಲ್ ಬಲಕ್ಕೆ ಹೊಡೀತಿತ್ತು. ಇವತ್ತು ನೆಟ್ಟಗೆ ಹೊಡೀತಿದೆ. ಸೋಮವಾರ ರಾತ್ರಿಯಿಂದ ಬೀರುವಿಗೆ ನನ್ನ ಸೀಲಿತ್ತು. ನಡುವೆ ಉಳಿದದ್ದು ಸೋಮವಾರ ಒಂದೇ. ಬೀರು ತೆಗೆದೇ ಇಲ್ಲ ಅಂದ್ರಿ. ಯಾಕೆ ಸುಳ್ಳು ಹೇಳಿದ್ರಿ?"

ರುದ್ರೇಶ ಫೋಟೊವನ್ನು ಅರ್ಜಿಗೆ ಅಂಟಿಸಿ ಒತ್ತಿ ಹಿಡಿದ. ಆಮೇಲೆ ಬಂದ ದನಿ ಅವನದಲ್ಲ ಅನ್ನಿಸಿತು.

"ಕೋತಿ ಅಂದ್ಕೊಂಡೆ. ದಿನಾ ಬಂದು ಹೆಂಚು ಕೀಳ್ತವೆ. ಸೈಟ್ ಕೂಡಿಸೋದು ಮುಗಿದಿತ್ತು. ದಿಬ್ಬದ ಮೇಲುಗಡೆ ಗರಿ ಅಲ್ಲಾಡ್ತು. ಹೆದರಿಸಿದ ಹಾಗೂ ಆಯ್ತು, ನೆಟ್ಟಗಾಗಿದೆಯಾ ನೋಡಿದ ಹಾಗೂ ಆಯ್ತು ಅಂತ... ಒಂದೇ ಗುಂಡು, ಮೇಡಂ. ಇಪ್ಪತ್ನಾಲ್ಕು ವರ್ಷ ಮಿಲಿಟರಿ ಕೆಲಸ, ಒಂದು ಸಲವೂ ಹಾಗೆ ಮಾಡಿರಲಿಲ್ಲ. ನೆಟ್ಟಗಾಗಿತ್ತು. ಒಂದು ದಿನ ತಡವಾಗಿ ಸರಿ ಮಾಡಿದ್ದಿದ್ರೆ ಬಲಕ್ಕೆ ಹೋಗ್ತಿತ್ತು."

"ಮಲ್ಲೇಶನ್ನ ಹಿಡಿದಾಗಲೂ ಸುಮ್ಮನಿದ್ರಲ್ಲ?"

"ಹೇಳಿದ್ರೆ ರೈಫಲ್ ಹೋಗುತ್ತೆ. ಅನಿತಾಳ ಕೈ ಕೂತಿರೋದು ಅದೊಂದರ ಮೇಲೆ. ಶನಿವಾರ ಅವಳದು ಮುಗೀಲಿ, ಭಾನುವಾರ ನಾನೇ ಬರೋಣ ಅಂತಿದ್ದೆ."

ನಿಜವೋ, ತನಗೆ ತಾನೇ ಹೇಳಿಕೊಂಡ ಸಮಾಧಾನವೋ, ಸುನಂದಾಳಿಗೆ ತಿಳಿಯಲಿಲ್ಲ. ಅವಳು ಕೈ ಚಾಚಿದಳು. ಅವನು ಬೀಗದ ಕೈ ಇಟ್ಟ, ಎದ್ದ, ಪುನೀತನ ಮುಂದೆ ನಡೆದು ಹೋಗಿ ಜೀಪು ಹತ್ತಿದ. ಯಾರನ್ನೂ ತಿರುಗಿ ನೋಡಲಿಲ್ಲ.

ಮಲ್ಲೇಶ ಸಂಜೆಯೊಳಗೆ ಮನೆ ಸೇರುತ್ತಾನೆ. ಕೇಸು ಮುಗಿಯಿತು. ಸುನಂದಾಳಿಗೆ ಮಾತ್ರ ಇನ್ನೊಂದು ಕೆಲಸ ಉಳಿದಿತ್ತು. ಹೊರಗೆ ಕಲ್ಲಿನ ಮೇಲೆ ಹುಡುಗಿ ಕೂತಿದ್ದಳು. ರೈಫಲ್ಲಿಗೆ ಬಿಳಿ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತುವುದನ್ನು ನೋಡುತ್ತಿದ್ದಳು. ಸುನಂದಾ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಸುತ್ತಿಬಳಸಿ ಹೇಳಲು ದಾರಿಯೇ ಇರಲಿಲ್ಲ.

ಅನಿತಾ ಅಳಲಿಲ್ಲ.

"ಶನಿವಾರ?"

"ಬೇರೆ ರೈಫಲ್ಲಿಗೆ ಎಲ್ಲೆಲ್ಲೋ ಕೇಳಿ ನೋಡ್ತೀನಮ್ಮ. ಎರಡೇ ದಿನ... ಸಿಗುತ್ತೆ ಅಂತ ಸುಳ್ಳು ಹೇಳೋಕಾಗಲ್ಲ."

ಹುಡುಗಿ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

"ಇಲ್ಲಿ ಎರಡಿದಾವಲ್ಲ ಮೇಡಂ. ಅಪ್ಪನಿಗೆ ತಾಗಿದ್ದು ಯಾವುದರದು?"

"ಸೈಟ್ ಸರಿ ಮಾಡಿದ್ದು."

"ಬೆಳಿಗ್ಗೆ ನಾನು ಹೊಡೆದಿದ್ದಾ?"

ಸುನಂದಾಳ ಕಣ್ಣು ಬಿಳಿ ಬಟ್ಟೆ ಸುತ್ತಿದ ರೈಫಲ್ಲಿನ ಕಡೆ ಹೋಯಿತು. ಅನಿತಾ ಸೆರಗಿನಂತೆ ಹೊದ್ದಿದ್ದ ದುಪಟ್ಟಾದ ತುದಿ ತೆಗೆದುಕೊಂಡಳು. ರೈಫಲ್ಲಿಗೆ ಒತ್ತಿದ್ದ ಬಲಗೆನ್ನೆಯನ್ನು ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಸುನಂದಾ ಕೈ ಹಿಡಿದು ನಿಲ್ಲಿಸುವವರೆಗೂ ಒರೆಸಿಕೊಳ್ಳುತ್ತಲೇ ಇದ್ದಳು.