ಕುಂಕುಮದ ಕೆಳಗಿನ ಮೆನು

"ಓದಬ್ಯಾಡ ತುಳಜಾ! ಕುಂಕುಮದ ಕೆಳಗಿಂದು ಒತ್ತು, ಸಾಕು!"

ಮಹಾಬಳೇಶ್ವರ ಸರ್ ಬೆವರು ಒರೆಸಿಕೊಂಡರು. ಶಾಲೆಗೆ ಕಂಪ್ಯೂಟರ್ ಕೊಟ್ಟ ದಾನಿಗಳು ಇನ್ನೇನು ದಾಂಡೇಲಿಯಿಂದ ಬರುವವರಿದ್ದರು. ಅವರಿಗೆ ತುಳಜಾ ತಾನು ಬಿಡಿಸಿದ ಚಿತ್ರ ತೋರಿಸಬೇಕು. ಕನ್ನಡಿ ಬಿಲ್ಲೆ ಹೊಲಿದ ಅಜ್ಜಿಯ ಲಂಗದ ಚಿತ್ರ ಅದು. ಅದನ್ನು ನೋಡಲೆಂದೇ ಅಜ್ಜಿ ಚಂಪಾಬಾಯಿ ಲಂಬಾಣಿ ತಾಂಡಾದಿಂದ ನಡೆದು ಬರುತ್ತಿದ್ದಳು.

ಚಿತ್ರ ಬಿಡಿಸುವ ಪ್ರೋಗ್ರಾಂ ಹಳೆಯದು, ಹೊಸ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ. ಅದಕ್ಕೇ ಹೊಸದರ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಕೂಡಿಸಿದ್ದರು. ಅದು ಪರದೆಯ ಮೇಲಿನ ಒಂದು ಕಿಟಕಿಯಲ್ಲಿ ಓಡುತ್ತಿತ್ತು. "ವರ್ಚುವಲ್ ಮಷಿನ್" ಎಂದು ಸರ್ ಹೋಳಿಗೆ ಚಪ್ಪರಿಸಿದಂತೆ ಹೇಳುತ್ತಿದ್ದರು.

ಒಳಗಿನದಕ್ಕೆ ಬೇರೆ ಮೆನು, ಹೊರಗಿನದಕ್ಕೆ ಬೇರೆ ಮೆನು. ಮಕ್ಕಳು ತಪ್ಪಬಾರದೆಂದು ಸರ್ ದಸರೆಯ ಖಂಡೇ ಪೂಜೆಯಲ್ಲಿ ಮಾನಿಟರಿಗೆ ಹಚ್ಚಿದ ಕುಂಕುಮವನ್ನೇ ಗುರುತು ಮಾಡಿದ್ದರು. ಅದರ ಕೆಳಗಿನ ಮೆನು ತೆರೆಯಬೇಕು, ಎರಡನೆಯದನ್ನು ಒತ್ತಬೇಕು. ಇಡೀ ಆರನೇ ಕ್ಲಾಸು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿತ್ತು. ಯಾರಾದರೂ ಅಕ್ಷರ ಕೂಡಿಸಿ ಓದಲು ಹೋದರೆ, "ಭಾಳ ಶಾಣ್ಯಾ ಆದ್ಯೇನು?" ಎಂಬ ಮಂಗಳಾರತಿ.

ನಿನ್ನೆ ರಿಪೇರಿಯವರು ಬಂದು, ಚಂದ ಕಾಣಲೆಂದು ಆ ಕಿಟಕಿಯ ಅಂಚು ತೆಗೆದು, ಎರಡರ ಮೆನುಗಳನ್ನೂ ಮೇಲೆ ಒಂದೇ ಸಾಲಿಗೆ ಕೂಡಿಸಿ ಹೋಗಿದ್ದರು. ಸರ್ "ಭಾರೀ ಆತ್ರಿ!" ಎಂದಿದ್ದರು. ಕುಂಕುಮ ಮಾತ್ರ ಇದ್ದಲ್ಲೇ ಇತ್ತು.

ದಾನಿಗಳು ಬಂದರು. ಅಜ್ಜಿ ಬಾಗಿಲಲ್ಲಿ ನಿಂತಳು. ತುಳಜಾ ಕುಂಕುಮದ ಕೆಳಗಿನ ಮೆನು ತೆರೆದು ಎರಡನೆಯದನ್ನು ಒತ್ತಿದಳು.

ಪರದೆ ಕಪ್ಪಾಯಿತು.

"ಕೆಡಿಸಿದ್ಯಲ್ಲ! ಏನ್ ಒತ್ತಿದಿ?" ಸರ್ ಕೂಗಿದರು.

"ನೀವು ಹೇಳಿದ್ದನ್ನs ಒತ್ತೀನ್ರಿ ಸರ್. ಕುಂಕುಮದ ಕೆಳಗಿಂದು."

ಹಿಂದಿನ ಬೆಂಚಿನ ಈರೇಶ ಕಿಸಕ್ಕೆಂದ. ಅಜ್ಜಿಯ ಮುಖ ನೋಡಿ ತುಳಜಾಳಿಗೆ ಅಳುವೇ ಬಂತು. ಚಿತ್ರ ಹೋಯಿತು, ಮರ್ಯಾದೆಯೂ ಹೋಯಿತು.

ಸರ್ ಮತ್ತೆ ಕಂಪ್ಯೂಟರ್ ಆನ್ ಮಾಡಿದರು. ಒಳಗಿನದೂ ತಾನಾಗಿ ಶುರುವಾಯಿತು. "ಹೂಂ, ಕುಂಕುಮದ ಕೆಳಗs ಒತ್ತು. ಈ ಸಲ ಸರಿಯಾಗಿ!"

ತುಳಜಾ ಒತ್ತಲಿಲ್ಲ. ಮೆನು ತೆರೆದು, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.

"ಎಸ್, ಎಚ್, ಯು, ಟಿ... ಶಟ್ ಡೌನ್. ಸರ್, ಇದು ಹೊರಗಿನ ಕಂಪ್ಯೂಟರಿಂದು ರೀ. ನಮ್ಮ ಮೆನು ಆ ಕಡಿ ಸರದೈತ್ರಿ."

ಆ ಕಡೆ 'ಫೈಲ್' ಇತ್ತು. ಅದರೊಳಗೆ 'ಓಪನ್' ಇತ್ತು. ಕನ್ನಡಿ ಬಿಲ್ಲೆಗಳ ಲಂಗ ಪರದೆಯ ತುಂಬ ಹರಡಿಕೊಂಡಿತು.

"ಅಯ್ಯ, ನನ್ನ ಲಂಗಾ!" ಎಂದು ಅಜ್ಜಿ ಒಳಗೇ ಬಂದುಬಿಟ್ಟಳು. ದಾನಿಗಳು ಚಪ್ಪಾಳೆ ತಟ್ಟಿದರು. ಸರ್ ಎದೆಯುಬ್ಬಿಸಿ, "ಎಲ್ಲಾ ನಾನs ಕಲಿಸಿದ್ದು ರೀ" ಎಂದರು.

ಎಲ್ಲರೂ ಹೋದ ಮೇಲೆ ಸರ್ ಕುಂಕುಮದ ಡಬ್ಬಿ ತಂದರು. ಬೆರಳು ಮೆನುಗಳ ಸಾಲಿನ ಮುಂದೆ ಅತ್ತಿತ್ತ ತಡಕಾಡಿತು.

"ತುಳಜಾ," ದನಿ ಸಣ್ಣದಾಗಿತ್ತು, "ಈಗ ಎಲ್ಲಿ ಹಚ್ಚೂಣು?"

ತುಳಜಾ ಅವರ ಮುಖ ನೋಡಿದಳು. ಸರ್ ಕೂಡ ಇಷ್ಟು ದಿನ ಒತ್ತಿದ್ದು ಕುಂಕುಮ ನೋಡಿಯೇ! ಅವಳಿಗೆ ನಗು ಬಂತು. ಆದರೆ ನಗಲಿಲ್ಲ.

ಅವಳು ಪಕ್ಕದ ಕುರ್ಚಿ ಎಳೆದಳು.

"ಕುಂದರ್ರಿ ಸರ್. ಎಫ್‌ನಿಂದ ಸುರು ಮಾಡೂಣು."