ರೇಡಿಯೋ ಮೌನವಾದಾಗ

"ಕೈ ಬಿಡ್ರೀ!"

"ಬಿಟ್ರೆ ನೀರಿಗೆ ಬೀಳ್ತೀರ."

ಪ್ರವಾಸಿಗರೆಲ್ಲ ಗೊಳ್ಳೆಂದು ನಕ್ಕರು. ದೋಣಿಯಂಚಿನಲ್ಲಿ ನಿಂತು ದೀಪಸ್ತಂಭ ತೋರಿಸುತ್ತಿದ್ದ ಗೈಡ್ ಹುಡುಗಿಯ ಮುಖ ಕೆಂಪೇರಿತು. ಹೊಸ ದೋಣಿ ಚಾಲಕ ಅವಳನ್ನು ಒಳಗೆಳೆದು, ಏನೂ ಆಗದವನಂತೆ ಮತ್ತೆ ಚುಕ್ಕಾಣಿ ಹಿಡಿದ.

ಎಂಥಾ ಒರಟ!

ಬಂದರಿನವರೆಲ್ಲ ಅವಳನ್ನು 'ರೇಡಿಯೋ' ಎಂದೇ ಕರೆಯುತ್ತಿದ್ದರು. ಬಲೆ ಹೆಣೆಯುವವರ ಓಣಿ, ದೋಣಿ ಕಟ್ಟುವ ಶೆಡ್ಡು, ಬೆಳಗಿನ ಮೀನು ಹರಾಜು... ಅವಳ ಬಾಯಲ್ಲಿ ಆ ಕಡಲತೀರದ ಊರು ಮೈದುಂಬುತ್ತಿತ್ತು. ಅವನೋ, ತುಟಿ ಬಿಚ್ಚುತ್ತಿರಲಿಲ್ಲ. ಆದರೂ ಅವನ ದೋಣಿ ಹತ್ತುವಾಗ ಅವಳ ಹೆಜ್ಜೆ ಚುರುಕಾಗುತ್ತಿತ್ತು. ಯಾಕೋ!

ಒಂದು ಬೆಳಿಗ್ಗೆ, ಟಿಕೆಟ್ ಕೌಂಟರಿನಲ್ಲಿ ಕೂರುವ ಅತ್ತಿಗೆ ಪಿಸುಗುಟ್ಟಿದಳು. "ನಿನ್ನನ್ನ ತನ್ನ ದೋಣಿಗೆ ಹಾಕ್ಬೇಡಿ ಅಂತ ಅವನು ಮಾಲೀಕರಿಗೆ ಹೇಳ್ತಿದ್ದ ಕಣೇ."

'ನನ್ನ ಮಾತು ಅಷ್ಟೊಂದು ಬೇಸರವಾಯಿತೇ?'

ಕೇಳಿಯೇ ಬಿಡಬೇಕೆಂದು ಓಡಿದಳು. ಅವನೆದುರು ಬಾಯಿ ತೆರೆದರೆ... ದನಿಯೇ ಹೊರಡಲಿಲ್ಲ! ವಾರಗಳಿಂದ ಒಡೆಯುತ್ತಿದ್ದ ಗಂಟಲು ಕೈಕೊಟ್ಟಿತ್ತು.

"ಎಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಹೀಗಾಗಿದೆ. ವಾಸಿಯಾಗೋವರೆಗೂ ಬಾಯಿಗೆ ಬೀಗ," ಎಂದರು ಡಾಕ್ಟರು.

ಹಾಗಾದರೆ ಕೆಲಸ ಹೋದಂತೆಯೇ! ಅವಳು ದಿಂಬಿಗೆ ಮುಖ ಒತ್ತಿ ಅತ್ತಳು.

ಕೆಲವು ದಿನಗಳ ನಂತರ ಅತ್ತಿಗೆ ಏದುಸಿರು ಬಿಡುತ್ತ ಬಂದಳು. "ಅಯ್ಯೋ, ಅವತ್ತು ನಾನು ಅರ್ಧ ಕೇಳಿಸ್ಕೊಂಡು ಎಡವಟ್ಟು ಮಾಡ್ದೆ! 'ನನ್ನ ಎಂಜಿನ್ ಗಲಾಟೆಗೆ ಅವರ ಗಂಟಲು ಹಾಳಾಗ್ತಿದೆ, ಸದ್ದು ಕಮ್ಮಿ ಇರೋ ದೋಣಿಗೆ ಹಾಕಿ' ಅಂದಿದ್ನಂತೆ. ಈಗ ನಿನ್ನ ಜಾಗಕ್ಕೆ ಬೇರೆಯವರನ್ನ ತರೋಕೂ ಬಿಟ್ಟಿಲ್ಲ. ನೀನು ಬರೋವರೆಗೂ ಪ್ರವಾಸಿಗರಿಗೆ ತಾನೇ ಊರಿನ ಕಥೆ ಹೇಳ್ತೀನಿ ಅಂತ ನಿಂತಿದಾನೆ!"

ಅವನು? ಮಾತಾಡುವುದೇ?

ಅವಳು ತಲೆಗೆ ಶಾಲು ಹೊದ್ದು, ಅವನ ದೋಣಿಯ ಕೊನೆಯ ಸೀಟಿನಲ್ಲಿ ಕುಳಿತಳು. ನಡುನೀರಿನಲ್ಲಿ ಎಂಜಿನ್ ನಿಲ್ಲಿಸಿ ಅವನು ಎದ್ದು ನಿಂತ. ಹಣೆಯ ತುಂಬ ಬೆವರು.

"ಅದು... ಬಲೆ ಹೆಣೆಯೋರ ಓಣಿ. ಆ ಮನೇಲಿ ಒಂದು ಭಾಷೆ, ಪಕ್ಕದ ಮನೇಲಿ ಇನ್ನೊಂದು. ಗಾಳಿ ಎದ್ರೆ ಮಾತ್ರ ಎಲ್ಲರೂ ಒಂದೇ ಹಗ್ಗ ಎಳೀತಾರೆ."

ಅವಳದೇ ಮಾತುಗಳು! ಒಂದಕ್ಷರವೂ ತಪ್ಪಿರಲಿಲ್ಲ. ಇಷ್ಟು ದಿನ ಅವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ...

ದಡ ಸೇರಿ ಜನ ಇಳಿದ ಮೇಲೂ ಅವಳು ಕುಳಿತೇ ಇದ್ದಳು. ಶಾಲು ಜಾರಿತು. ಕಣ್ಣು ತುಂಬಿತ್ತು. ಎರಡೂ ಕೈ ಜೋಡಿಸಿದಳು.

"ಅಯ್ಯೋ, ಕೈ ಎಲ್ಲ ಮುಗೀಬೇಡಿ!" ಅವನು ಗಾಬರಿಯಾದ. ತಡವರಿಸಿ, ಉಸಿರು ಎಳೆದುಕೊಂಡ. "ಸ್ವಂತ ಮಾತು ನನಗೆ ಅಷ್ಟು ಬರಲ್ಲ ರೀ. ನೀವಂದ್ರೆ ನನಗೆ ಇಷ್ಟ. ಮದುವೆ ಆಗ್ತೀರಾ? ಮಾತಾಡ್ಬೇಡಿ... ತಲೆ ಆಡಿಸಿದ್ರೆ ಸಾಕು."

ಅವಳು ತಲೆಯಾಡಿಸಿದಳು. ಮತ್ತೆ ಮತ್ತೆ ಆಡಿಸಿದಳು.

"ಒಂದ್ಸಲ ಸಾಕಿತ್ತು," ಎಂದು ಅವನು ನಕ್ಕುಬಿಟ್ಟ.