ಬಿಳಿ ಗೆರೆ ಅಂಟಿದ ನೋಟ್‌ಬುಕ್

ಬುಧವಾರ ಬೆಳಿಗ್ಗೆ ಎಂಟು ಇಪ್ಪತ್ತು. ಉಪ್ಪುಂದದಲ್ಲಿ ಕುಂದಾಪುರದ ಬಸ್ಸು ಹತ್ತಿದ ಅಮಿತಾ ಕಿಟಕಿಯ ಸೀಟು ಹಿಡಿದು ಮೊಬೈಲ್ ತೆರೆದಳು. 

ಬೈಂದೂರಿನ ಕಬಡ್ಡಿ ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಆರು ಫೋಟೊಗಳು ಬಿದ್ದಿದ್ದವು. ಆರೂ ಕೈಬರಹದ ಪುಟಗಳು. ನೀಲಿ ಶಾಯಿ, ಎಡಕ್ಕೆ ತುಸು ವಾಲಿದ ಅಕ್ಷರ. ಆ ಅಕ್ಷರವನ್ನು ಅವಳು ಮೂರು ವರ್ಷದಿಂದ ಓದುತ್ತ ಬಂದಿದ್ದಳು.

ಬರೆದವಳು ವಿಜೇತಾ, ಬೈಂದೂರಿನ ಹೈಸ್ಕೂಲೊಂದರ ವ್ಯಾಯಾಮ ಶಿಕ್ಷಕಿ. ಓದುವವರು ಮೂವರೇ: ಟೈಲರ್ ಸುಗುಣ, ಶಿರೂರಿನ ಪೂಜಿತಾ ಮತ್ತು ಅಮಿತಾ. ದೊಡ್ಡ ಲೀಗಿನಲ್ಲಿ ಆಡುವ ರೈಡರ್ ವಿಶಾಲ್ ಆ ಕತೆಯ ನಾಯಕ. ಕತೆಯಲ್ಲಿ ಅವನ ಮೊಣಗಂಟು ಮುರಿದಿತ್ತು. ಆರೈಕೆಗೆ ನಿಂತ ತಂಡದ ಜೊತೆಗಾರನೊಬ್ಬನೊಂದಿಗಿನ ಸ್ನೇಹ ಸ್ನೇಹಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತು.

ವಿಶಾಲ್ ಕತೆಯೊಳಗಿನ ಮನುಷ್ಯನಲ್ಲ. ನಿಜವಾಗಿ ಇರುವವನು, ಅವನಿಗೊಬ್ಬಳು ತಾಯಿಯೂ ಇದ್ದಾಳೆ. ತಮ್ಮ ಕಲ್ಪನೆ ಅವರ ಕಣ್ಣಿಗೆ ಬೀಳಬಾರದೆಂದು ನಾಲ್ವರೂ ಒಂದು ನಿಯಮ ಮಾಡಿಕೊಂಡಿದ್ದರು. ಫೋನಿನಲ್ಲಿ ಬರೆಯುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಇರುವುದು ಒಂದೇ ನೋಟ್‌ಬುಕ್. ಅದು ಕೈಯಿಂದ ಕೈಗೆ ಹೋಗಬೇಕು.

ಗ್ರೂಪಿನಲ್ಲಿ ಬರೆದವರ ಹೆಸರಿರಲಿಲ್ಲ. ಕೆಳಗೆ ನಗುವಿನ ಸಾಲುಗಳು ಮಾತ್ರ ಬೆಳೆಯುತ್ತಿದ್ದವು. 'ಹೆಂಗಸ್ರಿಗೆ ಆಟ ಕಾಂಬುಕೆ ಬತ್ತಿಲ್ಲೆ, ಆಟಗಾರರನ್ನ್ ಕಾಂಬುಕೆ ಬತ್ತ್' ಎಂದು, ಹೆಂಗಸರು ನೋಡುವುದು ಆಟಗಾರರನ್ನಷ್ಟೇ ಎಂದು ಅಣಕಿಸಿ, ಒಬ್ಬ ಬರೆದಿದ್ದ. ಅದಕ್ಕೆ ನಲವತ್ತೊಂದು ಹೆಬ್ಬೆರಳು.

ಅಮಿತಾ ಮುಂದಿನ ಸ್ಟಾಪಿನಲ್ಲಿ ಇಳಿದು, ತಾನು ಕೆಲಸ ಮಾಡುವ ಲ್ಯಾಬಿಗೆ ಫೋನ್ ಮಾಡಿ ರಜೆ ಹೇಳಿ, ಬೈಂದೂರಿನ ಬಸ್ಸು ಹಿಡಿದಳು.

* * *

ವಿಜೇತಾ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ನೆಟ್ಟಿನ ಗಂಟು ಬಿಡಿಸುತ್ತಿದ್ದಳು. ಗಂಟು ಇದ್ದ ಹಾಗೇ ಇತ್ತು. ಅಮಿತಾಳನ್ನು ಕಂಡು ಮೊಬೈಲ್ ಚಾಚಿದಳು. ಗೊತ್ತಿಲ್ಲದ ನಂಬರಿನಿಂದ ಬೆಳಿಗ್ಗೆ ಬಂದ ಸಂದೇಶ. ಭಾನುವಾರದ ಫೈನಲ್‌ನಿಂದ ಅವಳಾಗಿಯೇ ಹಿಂದೆ ಸರಿಯಬೇಕು. ಇಲ್ಲದಿದ್ದರೆ ಸೀಟಿ ಊದುವ ಟೀಚರೇ ಇದನ್ನು ಬರೆದದ್ದೆಂದು ಊರಿಗೆಲ್ಲ ತಿಳಿಯುತ್ತದೆ.

ಚೌತಿಯ ಕಬಡ್ಡಿ ಟೂರ್ನಮೆಂಟಿನ ಫೈನಲ್‌ಗೆ ಹೆಣ್ಣೊಬ್ಬಳು ಮುಖ್ಯ ರೆಫರಿಯಾಗುತ್ತಿರುವುದು ಅದೇ ಮೊದಲು. ಅದಕ್ಕಾಗಿ ವಿಜೇತಾ ಎರಡು ವರ್ಷ ಓದಿದ್ದಳು, ಪರೀಕ್ಷೆ ಪಾಸಾಗಿದ್ದಳು. ಹೆಸರು ಹೊರಬಿದ್ದರೆ ಸೀಟಿಯಷ್ಟೇ ಅಲ್ಲ, ಶಾಲೆಯ ಕೆಲಸಕ್ಕೂ ಸಂಚಕಾರ.

ಪೊಲೀಸರಿಗೆ ದೂರು ಕೊಡೋಣವೆಂದಳು ಅಮಿತಾ. ವಿಜೇತಾ ಬೇಡವೆಂದಳು. ದೂರು ಕೊಟ್ಟರೆ ನೋಟ್‌ಬುಕ್ ಸಾಕ್ಷಿಯಾಗಿ ಹೋಗುತ್ತದೆ, ಅದರ ಹಿಂದೆ ವಿಶಾಲ್‌ನ ಹೆಸರೂ ಪತ್ರಿಕೆಗೆ ಹೋಗುತ್ತದೆ.

"ಅವ ಎಂತ ತಪ್ಪ್ ಮಾಡಿದ್ದ, ಅಮಿತಾ? ಅದಕ್ಕಿಂತ ನಾನೇ ಸೀಟಿ ಬಿಡ್ತೆ."

"ಭಾನುವಾರಕ್ಕೆ ನಾಕ್ ದಿನ ಇತ್ತ್. ಅಷ್ಟರೊಳಗೆ ನಾ ಹುಡ್ಕತೆ."

ಅಷ್ಟರಲ್ಲಿ ಶೈಲೇಶ್ ಬಂದ. ರೆಫರಿಗಳ ಬಳಗದವನು, ಪೂಜಿತಾಳ ಮೈದುನ. ಸ್ಕೋರ್‌ಶೀಟು ಒಯ್ಯಲು ಬಂದವನು ವಿಜೇತಾಳ ಮುಖ ಕಂಡು ನಿಂತ. ಬಹಳ ಮೆದುವಾಗಿ ಮಾತಾಡಿದ.

"ಆ ಪಟದ ವಿಷಯ ತಲಿಗ್ ಹಚ್ಕಣ್ಬೇಡಿ ಮೇಡಂ. ಬೇಜಾರಿದ್ರೆ ಈ ಸರ್ತಿ ಬಿಡಿ. ನಾ ನಿಂತ್ಕಂತೆ. ಮುಂದಿನ ವರ್ಷ ಕಾಂಬ."

ವಿಜೇತಾ ಮತ್ತೆ ನೆಟ್ಟಿನ ಗಂಟಿಗೆ ಕೈ ಹಾಕಿದಳು. ಒಬ್ಬನಾದರೂ ಕರುಣೆಯ ಮಾತಾಡಿದನಲ್ಲ ಎಂದು ಅಮಿತಾಳಿಗೂ ಅನಿಸಿತು.

* * *

ಗ್ರೂಪಿನ ಅಡ್ಮಿನ್ ರಾಘವೇಂದ್ರನದು ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ. ಮೊದಲ ಅನುಮಾನ ಅವನ ಮೇಲೆಯೇ. ಅಮಿತಾ ಫೋಟೊ ಎಲ್ಲಿಂದ ಬಂತೆಂದು ನೇರವಾಗಿ ಕೇಳಿದಳು.

"ಹ್ವಾಯ್, ನಿಮ್ಗೆಂತಕೆ ಕಬಡ್ಡಿ ಸುದ್ದಿ? ಬೋನಸ್ ಯಾವಾಗ ಸಿಕ್ಕತ್ ಹೇಳಿ ಕಾಂಬ."

"ಎದುರು ಆರ್ ಜನವೋ ಏಳ್ ಜನವೋ ಇರ್ಕ್. ಒಂದ್ ಕಾಲ್ ಬೋನಸ್ ಗೆರೆ ದಾಂಟುವಾಗ ಇನ್ನೊಂದ್ ಕಾಲ್ ಗಾಳಿಯಲ್ಲಿರ್ಕ್. ಐದ್ ಜನ ಇದ್ರೆ ಬೋನಸ್ ಇಲ್ಲೆ. ಈಗ ನಂಬರ್ ತೋರ್ಸಿ."

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ರಾಘವೇಂದ್ರ ಕಿವಿ ಕೆಂಪಗೆ ಮಾಡಿಕೊಂಡು ಫೋನ್ ತೋರಿಸಿದ. ಅದೇ ಗೊತ್ತಿಲ್ಲದ ನಂಬರು. ಫೋಟೊಗಳು ಮಂಗಳವಾರ ರಾತ್ರಿ ಅವನಿಗೆ ಬಂದಿದ್ದವು, ಬೆಳಿಗ್ಗೆ ಅವನೇ ಗ್ರೂಪಿಗೆ ಹಾಕಿದ್ದ. ಬರೆದವರು ಯಾರೆಂದು ಅವನಿಗೂ ಗೊತ್ತಿರಲಿಲ್ಲ, ಕೇಳಿ ಕೇಳಿ ಸೋತಿದ್ದ.

ಅಮಿತಾ ತಾರೀಕನ್ನು ಮತ್ತೊಮ್ಮೆ ನೋಡಿದಳು. ಮಂಗಳವಾರ ನೋಟ್‌ಬುಕ್ ಇದ್ದದ್ದು ಅವಳದೇ ಕಪಾಟಿನಲ್ಲಿ.

* * *

ಮನೆಗೆ ಬಂದು ನೋಟ್‌ಬುಕ್ ಹೊರತೆಗೆದಳು. ಹಿಂದಿನ ವಾರ ಸೋಮವಾರದಿಂದ ಬುಧವಾರದವರೆಗೆ ಅದು ಸುಗುಣಳ ಬಳಿ ಇತ್ತು. ಗುರುವಾರದಿಂದ ಶನಿವಾರದವರೆಗೆ ಪೂಜಿತಾಳ ಬಳಿ. ಭಾನುವಾರದಿಂದ ಇಲ್ಲಿ. ಫೋಟೊ ಕಳಿಸಿದ ದಿನ ಮತ್ತು ತೆಗೆದ ದಿನ ಒಂದೇ ಆಗಬೇಕೆಂದಿಲ್ಲ.

ಫೋಟೊಗಳನ್ನು ಒಂದೊಂದಾಗಿ ಹಿಗ್ಗಿಸಿದಳು. ಐದರಲ್ಲಿ ಹಾಳೆ ಬಿಟ್ಟರೆ ಏನೂ ಇಲ್ಲ. ಆರನೆಯದರ ಕೆಳಮೂಲೆಯಲ್ಲಿ ಬೆರಳಗಲದಷ್ಟು ಕಪ್ಪು ಮರ. ಮರದ ಮೇಲೆ ಮೂರು ಬಿಳಿ ಗೆರೆ, ಪಕ್ಕದಲ್ಲಿ ಬಿಲ್ಲಿನ ಹಾಗೆ ಬಾಗಿದ ಇನ್ನೊಂದು.

ನೋಟ್‌ಬುಕ್ಕನ್ನು ಮಗುಚಿದಳು. ಹಿಂದಿನ ರಟ್ಟಿನ ಮೇಲೆ ಬಿಳಿ ಪುಡಿಯ ಮಸುಕು ಗುರುತು. ಮೊದಲು ಹೊಳೆದದ್ದು ಆಟದ ಅಂಗಳಕ್ಕೆ ಗೆರೆ ಹಾಕುವ ಸುಣ್ಣ. ವಿಜೇತಾಳ ಚೀಲದಲ್ಲಿ ಅದು ಯಾವಾಗಲೂ ಚೆಲ್ಲಿರುತ್ತದೆ. ಹಾಗಿದ್ದರೆ ಈ ಗುರುತಿಗೆ ಅರ್ಥವೇ ಇಲ್ಲ.

ಆದರೆ ಅವಳು ಕೆಮಿಸ್ಟ್ರಿ ಓದಿದವಳು, ನೀರು ಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುವವಳು. ಊಹೆಗೆ ಅಂಕ ಕೊಡುವ ಅಭ್ಯಾಸ ಇರಲಿಲ್ಲ. ಅಡುಗೆಮನೆಯಿಂದ ಲಿಂಬೆಹಣ್ಣು ತಂದಳು. ತನ್ನ ಬಳಿಯಿದ್ದ ವಿಜೇತಾಳ ಹಳೆಯ ಚೀಲದ ಪುಡಿಯ ಮೇಲೆ ಒಂದು ಹನಿ ಹಿಂಡಿದಳು. ಚುರುಚುರು ನೊರೆ ಬಂತು. ಹಳೆ ಸುಣ್ಣ ಹುಳಿಗೆ ನೊರೆಯುವುದು ಸಹಜ. ರಟ್ಟಿನ ಪುಡಿಯನ್ನು ಬೆರಳತುದಿಯಷ್ಟು ಕೆರೆದು ಅದಕ್ಕೂ ಒಂದು ಹನಿ ಹಾಕಿದಳು. ಏನೂ ಆಗಲಿಲ್ಲ. ರಟ್ಟಿನ ಮೇಲೆ ಬಾಯಿಯ ಹವೆ ಬಿಟ್ಟು ಮೂಸಿದಳು. ಹಸಿ ಮಣ್ಣಿನ ವಾಸನೆ.

ಶೇಡಿ, ರಂಗೋಲಿ ಬರೆಯುವ ಬಿಳಿ ಮಣ್ಣು.

ಅಮಿತಾ ಎದ್ದು ನಿಂತಳು. ಇದು ಸೋಣ ತಿಂಗಳು, ಸಿಂಹ ಮಾಸ. ಮನೆಮನೆಯಲ್ಲೂ ಹೆಂಗಸರು ಬೆಳಿಗ್ಗೆ ಮಿಂದು, ಹೊಸ್ತಿಲಿಗೆ ಶೇಡಿಯಲ್ಲಿ ಗೆರೆ ಬರೆದು, ಹೂವಿಟ್ಟು ಪೂಜಿಸುವ ಕಾಲ. ನೋಟ್‌ಬುಕ್ಕನ್ನು ಯಾರೋ ಹೊಸ್ತಿಲ ಮೇಲಿಟ್ಟು ಫೋಟೊ ತೆಗೆದಿದ್ದರು. ಮಳೆಗಾಲದ ಹಳೆ ಮನೆಯಲ್ಲಿ ಬೆಳಕು ಸಿಗುವುದು ಬಾಗಿಲ ಬಾಯಲ್ಲೇ.

ತನ್ನ ಮನೆಯಲ್ಲಿ ಅಜ್ಜ ತೀರಿಕೊಂಡ ಕಾರಣ ಈ ವರ್ಷ ಹೊಸ್ತಿಲ ಪೂಜೆ ಇರಲಿಲ್ಲ. ಮರುದಿನ ಸಂಜೆ ಸುಗುಣಳ ಮನೆಗೆ ಹೋದಳು. ಕಂಡದ್ದನ್ನೆಲ್ಲ ಫೋಟೊ ತೆಗೆಯುವ ಚಟ ಸುಗುಣಳದು, ಅಮಿತಾಳ ಎರಡನೆಯ ಅನುಮಾನವೂ ಅವಳೇ. ಹೊಸ ಮನೆಯ ಹೊಸ್ತಿಲು ಬಿಳಿ ಕಲ್ಲಿನದು. ಕಪ್ಪು ಮರ ಎಲ್ಲೂ ಇಲ್ಲ. ಸುಗುಣ ಕೊಟ್ಟ ಚಾ ಕುಡಿಯುವಾಗ ಅಮಿತಾಳಿಗೆ ನಾಚಿಕೆಯಾಯಿತು.

ಉಳಿದದ್ದು ಶಿರೂರಿನ ಪೂಜಿತಾಳ ಮನೆ. ಆದರೆ ಆ ಮನೆಯ ಯಾವ ಹೆಂಗಸೂ ಪೂಜೆಯಾದ ಹೊಸ್ತಿಲ ಮೇಲೆ ವಸ್ತು ಇಡುವವಳಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಬುಧವಾರ ಕೇಳಿದ ಒಂದು ಮಾತು ತಾನಾಗಿ ತಲೆಯೊಳಗೆ ಬಂದು ಕೂತಿತು. ಅಮಿತಾ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

* * *

ಶನಿವಾರ ಬೆಳಿಗ್ಗೆ ಅಮಿತಾ, ವಿಜೇತಾ ಇಬ್ಬರೂ ಪೂಜಿತಾಳ ಮನೆ ಹೊಕ್ಕರು. ಪೂಜಿತಾಳ ಗಂಡ ಬೋಟಿನಲ್ಲಿ ಹೋಗಿ ಹತ್ತು ದಿನವಾಗಿತ್ತು. ಮನೆಯಲ್ಲಿದ್ದವರು ಅವಳು, ಅತ್ತೆ ನಾಗು, ಶೈಲೇಶ್. ನಾಗು ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದ ಹೆಂಗಸು. ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಹೊಸ್ತಿಲು ಕಪ್ಪು ಮರದ್ದು. ಮೇಲೆ ಮೂರು ಬಿಳಿ ಗೆರೆ. ಬಾಗಿದ ಗೆರೆ ಮಾತ್ರ ಇರಲಿಲ್ಲ.

ಅಮಿತಾ ಆರನೆಯ ಫೋಟೊದ ಮೂಲೆಯನ್ನಷ್ಟೇ ಹಿಗ್ಗಿಸಿ ನಾಗುವಿನ ಕಣ್ಣ ಮುಂದೆ ಹಿಡಿದಳು.

"ನಾಗಕ್ಕ, ಇದ್ ಯಾರ್ ಬರ್ದದ್ದ್?"

ನಾಗು ಕತ್ತು ಹಿಂದೆ ಮಾಡಿ, ಕಣ್ಣು ಕಿರಿದು ಮಾಡಿ ನೋಡಿದಳು. "ಇದ್ ನನ್ನ್ ಕೈ. ತಾವರೆಯ ಎಸಳ್. ಎಸಳ್ ಬರೆವುದ್ ಶುಕ್ರವಾರ ಒಂದೇ ದಿನ."

"ನಿನ್ನೆಯೂ ಬರ್ದಿದ್ರಿ, ಆದ್ರೆ ಇದ್ ಗ್ರೂಪಿಗ್ ಬಿದ್ದದ್ದ್ ಬುಧವಾರ. ಹಾಂಗಾರೆ ಹೋದ ಶುಕ್ರವಾರದ್ದ್. ಅವತ್ತ್ ಮನೆಯಲ್ ಯಾರಿದ್ರ್?"

ನಾಗು, ಪೂಜಿತಾ ಇಬ್ಬರೂ ಆ ದಿನ ಚೌತಿಯ ಸಾಮಾನು ತರಲು ಬೈಂದೂರಿಗೆ ಹೋಗಿದ್ದರು. ಹಿಂದಿರುಗಿದಾಗ ಹೊಸ್ತಿಲ ಗೆರೆ ಒರೆಸಿಹೋಗಿತ್ತು. ಹೊರಡುವ ಗಡಿಬಿಡಿಯಲ್ಲಿ ತುಳಿದಿದ್ದೀಯೆಂದು ನಾಗು ಸೊಸೆಯನ್ನು ಬಾಯಿಗೆ ಬಂದಂತೆ ಬೈದಿದ್ದಳು. ಪೂಜಿತಾ ರಾತ್ರಿ ಊಟ ಬಿಟ್ಟಿದ್ದಳು.

ಒಳಗಿನಿಂದ ಶೈಲೇಶ್ ಬಂದು ನಿಂತ. ತಮಾಷೆ ಮಾಡಿದ, ಮನೆಗೆ ಪತ್ತೇದಾರರು ಬಂದಿದ್ದಾರಲ್ಲ ಎಂದು. ಯಾರೂ ನಗಲಿಲ್ಲ.

ಅಮಿತಾ ಲ್ಯಾಬಿನ ವರದಿ ಓದುವ ದನಿಯಲ್ಲಿ ಹೇಳುತ್ತ ಹೋದಳು. ಕಳಿಸಿದವನು ನೋಟ್‌ಬುಕ್ ಇದ್ದ ಮನೆಯವನಾಗಿರಬೇಕು. ಜೊತೆಗೆ ವಿಜೇತಾಳ ಅಕ್ಷರ ಬಲ್ಲವನೂ ಆಗಿರಬೇಕು, ಯಾಕೆಂದರೆ ನೋಟ್‌ಬುಕ್‌ನಲ್ಲಿ ಹೆಸರಿಲ್ಲ. ಆ ಅಕ್ಷರ ಸ್ಕೋರ್‌ಶೀಟಿನಲ್ಲಿ ರೆಫರಿಗಳಿಗೆಲ್ಲ ಪರಿಚಿತ. ಎರಡೂ ಕಡೆ ಸೇರುವವನು ಒಬ್ಬನೇ. ಸೀಟಿ ಬಿಟ್ಟರೆ ಅದು ಸಿಗುವುದೂ ಅವನಿಗೇ.

"ಬುಧವಾರ ನೀವ್ ವಿಜೇತನ ಹತ್ರ 'ಆ ಪಟದ ವಿಷಯ' ಅಂದ್ರಿ. ಅದ್ ಅವಳದ್ದ್ ಅಂದೇಳಿ ರಾಘವೇಂದ್ರನಿಗೂ ಗೊತ್ತಿರ್ಲಿಲ್ಲೆ. ನಿಮ್ಗ್ ಯಾರ್ ಹೇಳ್ರ್?"

ಶೈಲೇಶ್ ಒಂದು ಹೆಜ್ಜೆ ಮುಂದೆ ಬಂದ. ಸಿಟ್ಟಿನಿಂದ ದನಿ ಏರಿಸಿದ. ತಾನು ಏಳು ವರ್ಷ ಗೆರೆಯ ಬದಿಗೆ ನಿಂತವನು, ಹೆಂಗಸೊಬ್ಬಳು ಎರಡು ವರ್ಷಕ್ಕೆ ಬಂದು ನಡುವೆ ನಿಲ್ಲುವುದೆಂದರೇನು. ಆಟಗಾರರ ಬಗ್ಗೆ ಕನಸು ಕಾಣುವವರಿಗೆ ಆಟ ಯಾಕೆ.

ವಿಜೇತಾ ಮೊದಲ ಬಾರಿ ಬಾಯಿ ಬಿಟ್ಟಳು. "ನಿಮ್ಮ ಗೋಡೆ ಮೇಲೆ ವಿಶಾಲನದ್ದೇ ಪಟ ಇತ್ತಲ್ದಾ, ಶೈಲೇಶ್? ನೀವ್ ಕಂಡ್ರೆ ಅಭಿಮಾನ, ನಾವ್ ಕಂಡ್ರೆ ಮಾನಗೇಡಾ? ಪರೀಕ್ಷೆಗೆ ನೀವೂ ಎರಡ್ ಸರ್ತಿ ಕೂತೇ ಪಾಸಾದ್ದ್."

ನಾಗು ಹೂವಿನ ಮಾಲೆ ಕೆಳಗಿಟ್ಟು ಎದ್ದಳು. ಮಗನ ಎದುರು ಬಂದಳು.

"ಇಪ್ಪತ್ತ್ ದಿನದಿಂದ ನೀನ್ ಈ ಹೊಸ್ತಿಲ್ ದಾಂಟಿ ಹೋತಿದ್ದೆ. ನಾನ್ ಎಂತ ಬರ್ದಿದ್ದೆ ಅಂದೇಳಿ ಒಂದ್ ದಿನ ಕೆಳಗೆ ಕಂಡ್ಯಾ ನೀನ್? ನಿನ್ನ ಕೈಯಾರೆ ಒರ್ಸಿ, ಬೈಗುಳ ಈ ಹೆಣ್ಣಿಗ್ ತಿನ್ಸ್ದೆ." ಕೈ ಚಾಚಿದಳು. "ಆ ಫೋನ್ ತಾ."

ಅವನು ಕೊಟ್ಟ. ಎರಡನೆಯ ಸಿಮ್ ಅದರಲ್ಲೇ ಇತ್ತು. ಎಲ್ಲರ ಎದುರು ಫೋಟೊಗಳನ್ನು ಅಳಿಸಿದ. ಅದೇ ನಂಬರಿನಿಂದ ರಾಘವೇಂದ್ರನಿಗೆ, ಕದ್ದ ಪುಟಗಳು ಅವು, ತೆಗೆದುಹಾಕಿ ಎಂದು ಬರೆದ. ರೆಫರಿಗಳ ಬಳಗಕ್ಕೆ ಫೋನ್ ಮಾಡಿ ಈ ವರ್ಷ ತಾನಿಲ್ಲವೆಂದ. ವಿಜೇತಾಳ ಹೆಸರು ಹೊರಗೆ ಬಂದರೆ ಈ ಹೊಸ್ತಿಲು ದಾಟಬೇಡವೆಂದು ನಾಗು ಹೇಳಿದ್ದು ಕೂಗಿ ಅಲ್ಲ, ಮೆತ್ತಗೆ. ಆಮೇಲೆ ಸೊಸೆಯ ಕಡೆ ತಿರುಗಿ, ಬಂದವರಿಗೆ ತಿಂಡಿ ಹಾಕು, ನೀನೂ ತಿನ್ನು ಎಂದಳು.

* * *

ಭಾನುವಾರ ಹಾಲ್ ಕಿಕ್ಕಿರಿದಿತ್ತು. ಕೊನೆಯ ನಿಮಿಷ, ಇಪ್ಪತ್ತೊಂಬತ್ತು–ಇಪ್ಪತ್ತೆಂಟು. ಒಂದು ಅಂಕ ಹಿಂದಿದ್ದ ಬೈಂದೂರಿನ ರೈಡರ್ ಬೋನಸ್ ಗೆರೆ ದಾಟಿ ಕಾಲು ಚಾಚಿದ, ಮಿಂಚಿನಂತೆ ಹಿಂದಿರುಗಿ ಎರಡೂ ಕೈ ಎತ್ತಿದ. ಹಾಲ್ ಕೂಗಿಗೆ ನಡುಗಿತು. ವಿಜೇತಾ ಸೀಟಿ ಊದಿ ಕೈ ಅಡ್ಡ ಆಡಿಸಿದಳು. ಬೋನಸ್ ಇಲ್ಲ.

ರಾಘವೇಂದ್ರ ಕುರ್ಚಿ ಬಿಟ್ಟು ಎದ್ದು ಕಿರುಚಲು ಬಾಯಿ ತೆರೆದ. ಮೂರು ಸಾಲು ಹಿಂದಿನಿಂದ ಅಮಿತಾ ಅವನನ್ನೇ ನೋಡುತ್ತಿದ್ದಳು. ಅವನ ಬೆರಳು ಮ್ಯಾಟಿನ ಕಡೆ ಹೋಯಿತು. ಒಂದು, ಎರಡು, ಮೂರು, ನಾಲ್ಕು, ಐದು. ಬೆರಳು ಅಲ್ಲೇ ನಿಂತಿತು.

"ಐದೇ ಜನ" ಎಂದು ಪಕ್ಕದವನಿಗೆ ಹೇಳಿದ. "ಸರಿ ಇತ್ತ್ ಮಾರಾಯ. ಕೂಕೋ."

ಪಂದ್ಯ ಮುಗಿದು ಜನ ಕರಗುವಾಗ ನಾಗು ಸೆರಗು ಸರಿಪಡಿಸಿಕೊಂಡು ಮ್ಯಾಟಿನ ಅಂಚಿಗೆ ಬಂದಳು. ಆಚೆ ಈಚೆ ನೋಡಿದಳು. ವಿಜೇತಾಳ ಕಿವಿಯ ಹತ್ತಿರ ಬಾಗಿದಳು.

"ಹೆಣೇ, ಪೂಜಿತಾ ಅಕ್ಕಿ ಡಬ್ಬಿ ಹಿಂದೆ ಇಡ್ತಿತ್ತಲೆ ಪುಸ್ತಕ, ನಾನೂ ಓದಿದ್ದೆ. ಯಾರಿಗೂ ಹೇಳ್ಲಿಲ್ಲೆ." ದನಿ ಇನ್ನೂ ತಗ್ಗಿಸಿದಳು. "ಆ ಹುಡ್ಗನ ಮೊಣಗಂಟ್ ಗುಣ ಆಯ್ತಾ?"